ಕಂತಿಗೊಂದು ಏಟು

ಮಾವ ಒಬ್ಬ ಮನುಷ್ಯನಿಗೆ ಹೊಡೆದದ್ದನ್ನು ಅವಳು ತನ್ನ ನಲವತ್ತೊಂದು ವರ್ಷದ ಬದುಕಿನಲ್ಲಿ ಮೊದಲ ಸಲ ಕಂಡದ್ದು ಒಂದು ಗುರುವಾರ ಮಧ್ಯಾಹ್ನ, ಸ್ಟುಡಿಯೋದಲ್ಲಿ, ಇನ್ನೂರು ಜನ ಪ್ರೇಕ್ಷಕರ ಎದುರಿಗೆ. ಏಟು ಬಿದ್ದದ್ದು ಚಾನೆಲ್ಲಿನ ಕಾರ್ಯಕ್ರಮ ಮುಖ್ಯಸ್ಥನ ಮೂಗಿಗೆ. ಒಣ ಚಕ್ಕೆ ಲಟ್ಟೆಂದು ಮುರಿದಂಥ ಸದ್ದು ಮಾವನ ಅಂಗಿಗೆ ಸಿಕ್ಕಿಸಿದ್ದ ಮೈಕಿಗೆ ಬಿದ್ದು, ಗೋಡೆಯ ಮೇಲಿನ ಸ್ಪೀಕರುಗಳಿಂದ ಹೊರಬಂತು. ಆಮೇಲೆ ಇನ್ನೂರು ಜನರೂ ಒಟ್ಟಿಗೆ ನಕ್ಕರು.

ಅಷ್ಟು ದೊಡ್ಡ ನಗು ಆ ಹಾಸ್ಯ ಧಾರಾವಾಹಿಗೆ ಅದುವರೆಗೆ ಸಿಕ್ಕಿರಲಿಲ್ಲ.

ಧಾರಾವಾಹಿಯ ಹೆಸರು ‘ಬೀಗದಂಗಡಿ’. ಬರೆಯುತ್ತಿದ್ದವಳು ಅವಳು. ಊರಿನ ಬಾಗಿಲನ್ನೆಲ್ಲ ತೆರೆದುಕೊಡುವ ಒಬ್ಬ ಬೀಗದವನು, ಮನೆಯ ಒಂದು ಬಾಗಿಲನ್ನೂ ಹಾಕದ ಅವನ ಹೆಂಡತಿ, ಒಂದು ವಾರಕ್ಕೆಂದು ಬಂದು ಅಲ್ಲೇ ಬೇರುಬಿಟ್ಟ ಅಳಿಯ, ಇಷ್ಟೇ ಕಥೆ. ಬೀಗದವನ ಪಾತ್ರವನ್ನು ಅವಳು ತನ್ನ ಸೋದರಮಾವನಿಗೆಂದೇ ಬರೆದಿದ್ದಳು. ಅವಳಿಗೆ ಹುಟ್ಟಿನಿಂದ ಮಾವ, ಕಥೆಯಲ್ಲಿ ಅಳಿಯನಿಗೆ ಹೆಣ್ಣು ಕೊಟ್ಟ ಮಾವ. ಹೀಗಾಗಿ ದೀಪ ಹಿಡಿಯುವವರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರ ಬಾಯಲ್ಲೂ ಅವನು ಮಾವನೇ ಆಗಿಬಿಟ್ಟಿದ್ದ. ಅಳಿಯನಾಗಿದ್ದವನನ್ನು ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಮೂವತ್ತರ ಹರೆಯ, ಮೈಯಲ್ಲಿ ಮೂಳೆ ಬಿಟ್ಟರೆ ಮಾತು, ಅಷ್ಟೇ. ಹಿಂದೆ ಶಾಲೆ ಶಾಲೆ ತಿರುಗಿ ಬೊಂಬೆಯಾಟ ಆಡಿಸುತ್ತಿದ್ದವನು. ನಿರ್ದೇಶಕನಿಗೆ ಓಕೆ ಎಂದು ಹೆಸರು, ಯಾರು ಏನು ಹೇಳಿದರೂ ಅವನಿಂದ ಬರುತ್ತಿದ್ದ ಉತ್ತರ ಅದೊಂದೇ ಆದ್ದರಿಂದ. ಕಾರ್ಯಕ್ರಮ ಮುಖ್ಯಸ್ಥನನ್ನು ಬೆನ್ನ ಹಿಂದೆ ಕತ್ತರಿ ಅನ್ನುತ್ತಿದ್ದರು. ಎರಡು ವರ್ಷದಲ್ಲಿ ಅವನು ಹನ್ನೊಂದು ಧಾರಾವಾಹಿಗಳನ್ನು ಹುಟ್ಟಿದ ತಿಂಗಳಲ್ಲೇ ಮುಗಿಸಿದ್ದ.

ಹನ್ನೆರಡನೆಯದು ‘ಬೀಗದಂಗಡಿ’. ಅದನ್ನು ಅವನು ಅವಳಿಗೆ ಹೇಳಿದ್ದು ಆ ಗುರುವಾರ ಬೆಳಿಗ್ಗೆಯೇ, ತನ್ನ ಕೋಣೆಯಲ್ಲಿ, ಕನ್ನಡಕ ಒರೆಸಿಕೊಳ್ಳುತ್ತ.

“ಮೂರು ವಾರ ಆಯ್ತು. ಯಾರೂ ನೋಡ್ತಿಲ್ಲ. ಇವತ್ತಿನದೇ ಕೊನೇದು.”

“ಹೊಸಬರ ಮನೆಗೆ ಮೊದಲನೇ ದಿನ ಹೋದಾಗ ಯಾರಾದ್ರೂ ಹೊಟ್ಟೆ ಹಿಡ್ಕೊಂಡು ನಗ್ತಾರಾ ಸಾರ್?” ಅಂದಳು ಅವಳು. “ಕುರ್ಚಿ ತುದೀಲಿ ಕೂತಿರ್ತಾರೆ. ಎಲ್ಲಿ ನಗಬೇಕೋ ಗೊತ್ತಾಗಲ್ಲ. ನಾಲ್ಕು ಸಲ ಹೋಗಿ ಬಂದ್ರೆ, ಆ ಮನೆಯೋರು ಬಾಯಿ ತೆಗೆಯೋಕೆ ಮುಂಚೇನೇ ನಗು ಬರುತ್ತೆ. ಹದಿಮೂರು ವಾರ ಕೊಡಿ.”

“ಹದಿಮೂರು ಎಲ್ಲರೂ ಕೇಳ್ತಾರೆ. ಆ ಬೀರು ನೋಡಿ. ಅದರೊಳಗೆ ಎಂಟು ಜನದ ಕಥೆ ಕಾಯ್ತಾ ಕೂತಿವೆ. ನಿಮಗೆ ಕೊಟ್ರೆ ಅವರಲ್ಲಿ ಇಬ್ಬರಿಗೆ ಬಾಗಿಲು ಹಾಕಿದ ಹಾಗೆ. ಅವರೂ ನಿಮ್ಮ ಹಾಗೇ ಬೆವರು ಸುರಿಸಿದ್ದಾರೆ. ಹೋಗ್ಲಿ, ನಿಮ್ಮ ಮೂರನೇ ಕಂತು ಚೆನ್ನಾಗಿತ್ತಾ? ಎದೆ ಮುಟ್ಟಿಕೊಂಡು ಹೇಳಿ.”

ಮೂರನೇ ಕಂತು ಕುಂಟಿತ್ತು. ಅದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ಚಿತ್ರೀಕರಣ ಮುಗಿಯುವವರೆಗೆ ಮಾವನಿಗೆ ತಿಳಿಸಬಾರದೆಂದು ಅವಳು ನಿರ್ಧರಿಸಿದಳು. ಕೊನೆಯ ಕಂತನ್ನಾದರೂ ಅವನು ಹಗುರಾಗಿ ಮಾಡಲಿ ಎಂದು. ಆದರೆ ಅದೇ ಜಾಗದಲ್ಲಿ ಮರುದಿನ ಒಂದು ರಸಪ್ರಶ್ನೆ ಕಾರ್ಯಕ್ರಮದ ವೇದಿಕೆ ಏಳಬೇಕಿತ್ತು. ಬಡಗಿಗಳು ಹೇಳಿದ್ದಕ್ಕಿಂತ ಎರಡು ಗಂಟೆ ಮುಂಚೆ ಬಂದರು. ಒಳಗೆ ಕ್ಯಾಮೆರಾ ಓಡುತ್ತಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಡ್ಡಿ ಮಾತಾಡುತ್ತ ಇರುವಾಗಲೇ ಅಂಗಡಿಯ ಹಿಂಗೋಡೆಯಿಂದ ಒಂದು ಹಾರೆ ಒಳಕ್ಕೆ ತೂರಿಬಂತು. ಪ್ಲೈವುಡ್ಡು ಕಿರುಗುಟ್ಟಿ ಸೀಳಿತು. ಕಪಾಟು ಮಗುಚಿ ಬೀಗಗಳೆಲ್ಲ ನೆಲಕ್ಕೆ ಸುರಿದವು. ಇನ್ನೊಂದು ಏಟಿಗೆ ಕಿಟಕಿ ಚೌಕಟ್ಟಿನ ಸಮೇತ ಕಡ್ಡಿಯ ಭುಜದ ಮೇಲೆ ಬಿತ್ತು. ಪ್ರೇಕ್ಷಕರು ಕೇಕೆ ಹಾಕಿದರು.

ಮಾವ ಸೀಳುಬಿಟ್ಟ ಗೋಡೆಯನ್ನೇ ನೋಡುತ್ತ ನಿಂತ. ಆಮೇಲೆ ವೇದಿಕೆಯಿಂದ ಇಳಿದು, ಕೆಳಗೆ ಕೈಕಟ್ಟಿ ನಿಂತಿದ್ದ ಕತ್ತರಿಯ ಹತ್ತಿರ ಹೋದ.

“ಏನ್ರೀ ಇದು?”

“ನಿಮ್ಮ ಸೋದರಸೊಸೆ ಹೇಳಲಿಲ್ವಾ? ಜನ ನಗ್ಲಿಲ್ಲ, ಅಂಗಡಿ ಮುಚ್ಚಿದ್ವಿ,” ಅಂದ ಕತ್ತರಿ. ಸಮಾಧಾನ ಹೇಳುವವನಂತೆ ಮಾವನ ಹೊಟ್ಟೆಯ ಮೇಲೆ ಎರಡು ಸಲ ತಟ್ಟಿದ. ಮೂರನೆಯ ಸಲ ತಟ್ಟುವ ಮೊದಲು ಅವನ ಮೂಗು ಮುರಿದಿತ್ತು.

ಅವಳು ಕೊನೆಯ ಸಾಲಿನಲ್ಲಿ ಕೂತಿದ್ದಳು. ಅವಳು ಬೆಳೆದ ಮನೆಯಲ್ಲಿ ಹೊಡೆತಕ್ಕೆ ಬರವಿರಲಿಲ್ಲ. ಅಪ್ಪನ ಬೆಲ್ಟು ಅಮ್ಮನ ಬೆನ್ನ ಮೇಲೆ ಬೀಳುತ್ತಿದ್ದಾಗ ಅಡುಗೆಮನೆಯ ಬಾಗಿಲ ಹಿಂದೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೌಟಿಗೂ ಚಮಚಕ್ಕೂ ಜಗಳ ಹಚ್ಚಿ ಅವಳನ್ನು ನಗಿಸುತ್ತಿದ್ದವನು ಈ ಮಾವ. ಒಂದು ದಿನ ನಡುವೆ ಬಿದ್ದು ತಡೆಯಲು ಹೋಗಿ ಹೆಗಲ ಮೂಳೆ ಮುರಿಸಿಕೊಂಡ. ಆಗಲೂ ತಿರುಗಿ ಕೈ ಎತ್ತಿರಲಿಲ್ಲ. ಮುಂದೆ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ, ಭಾನುವಾರಗಳಲ್ಲಿ ನಾಟಕ ಆಡಿದ. ನಗು ಅಂದರೇನೆಂದು ಅವಳು ಕಲಿತದ್ದೇ ಆ ಬಾಗಿಲ ಹಿಂದೆ.

ಮಾವ ಎರಡು ದಿನ ಲಾಕಪ್ಪಿನಲ್ಲಿದ್ದ. ಅಷ್ಟರಲ್ಲಿ ಪ್ರೇಕ್ಷಕರಲ್ಲಿ ಯಾರೋ ಫೋನಿನಲ್ಲಿ ಹಿಡಿದ ಆ ಏಟು ಊರೂರು ಸುತ್ತಿ ಬಂದಿತ್ತು. ಶನಿವಾರ ರಾತ್ರಿ ಎಂಟಕ್ಕೆ ಚಾನೆಲ್ ನಾಲ್ಕನೇ ಕಂತನ್ನು ಏಟಿನ ಸಮೇತವೇ ಬಿಟ್ಟಿತು. ಸೋಮವಾರ ಕತ್ತರಿ ಅವಳಿಗೆ ಹೇಳಿಕಳಿಸಿದ. ಮೂಗಿಗೆ ಪಟ್ಟಿ, ಎರಡೂ ಕಣ್ಣಿನ ಕೆಳಗೆ ನೇರಳೆ ಬಣ್ಣ. ಆದರೂ ಮುಖದಲ್ಲಿ ಏನೋ ಕಳೆ.

“ಒಂಬತ್ತು ಪಟ್ಟು ಜನ ನೋಡಿದ್ದಾರೆ. ದೂರು ವಾಪಸ್ ತಗೊಂಡೆ. ನಿಮಗೆ ಹದಿಮೂರಲ್ಲ, ಇಪ್ಪತ್ತಾರು ವಾರ ಕೊಡ್ತೀನಿ. ಕಂತಿಗೊಂದು ಏಟು ಇರ್ಬೇಕು. ಒಂದೇ. ಮಿಕ್ಕಿದ್ದೆಲ್ಲ ನಿಮ್ಮಿಷ್ಟ, ನಾನು ಬಾಯಿ ಹಾಕಲ್ಲ.”

“ಏಟಿಲ್ದೆ ಬರಲ್ವಾ ಜನ?”

“ಪರಿಚಯ ಆಗ್ಬೇಕು ಅಂದ್ರಲ್ಲ. ಆಯ್ತು ಪರಿಚಯ.”

ಅವಳು ಒಪ್ಪಿಕೊಂಡಳು. ಏಟಿಗೆಂದು ಬಂದವರು ಮಾತಿಗೆ ಉಳಿಯುತ್ತಾರೆ, ಒಂದು ತಿಂಗಳು ಕಳೆಯಲಿ, ಏಟನ್ನು ಮೆಲ್ಲಗೆ ಜಾರಿಸಿಬಿಡೋಣ ಅಂದುಕೊಂಡಳು. ಹೀಗೆ ಅಂದುಕೊಂಡದ್ದನ್ನು ಅವಳು ಮುಂದೆ ಯಾರ ಹತ್ತಿರವೂ ಮುಚ್ಚಿಡಲಿಲ್ಲ.

ಏಟು ತಿನ್ನುವ ಪಾಳಿ ಕಡ್ಡಿಗೆ ಬಂತು. ಐದನೇ ಕಂತಿನಲ್ಲಿ ಮಾವ ಗಾಳಿಗೆ ಹೊಡೆದ, ಕಡ್ಡಿ ತಲೆ ತಿರುಗಿಸಿದ, ಸದ್ದನ್ನು ಪಕ್ಕದಿಂದ ಕೂಡಿಸಿದರು. ಯಾರೂ ನಗಲಿಲ್ಲ. ನಿಜವಾಗಿ ಮೂಗು ಮುರಿದದ್ದನ್ನು ನೋಡಿ ಬಂದವರ ಮುಂದೆ ಈ ಆಟ ನಡೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಾಯಿತು.

“ಮೆಲ್ಲಗೆ ಮುಟ್ಟಿದ ಹಾಗೆ ಹೊಡೀರಿ ಮಾವ, ಪರವಾಗಿಲ್ಲ,” ಅಂದ ಕಡ್ಡಿಯೇ.

“ಓಕೆ,” ಅಂದ ನಿರ್ದೇಶಕ.

ಆರನೆಯದರಲ್ಲಿ ಮುಟ್ಟಿದ ಹಾಗೆ ಹೊಡೆದ. ಜನ ಸ್ವಲ್ಪ ನಕ್ಕರು. ಏಳನೆಯದರಲ್ಲಿ ಬೆರಳಿನ ಗುರುತು ಮೂಡಿತು, ನಗು ದೊಡ್ಡದಾಯಿತು. ಅವತ್ತು ಮಾವ ಬಣ್ಣದ ಕೋಣೆಯಲ್ಲಿ ಕಡ್ಡಿಯ ಕೆನ್ನೆಗೆ ಮಂಜುಗಡ್ಡೆ ಹಿಡಿದುಕೊಂಡು ಕೂತಿದ್ದ, ಕಣ್ಣು ಒದ್ದೆ ಮಾಡಿಕೊಂಡು. ಕಡ್ಡಿಯೇ ಸಮಾಧಾನ ಮಾಡಿದ. “ನಿಮ್ಮ ಕೈ ಬಸ್ಸಿನ ಬ್ರೇಕಿದ್ದ ಹಾಗೆ ಮಾವ. ಹಿಡಿಯೋ ಜಾಗಕ್ಕೇ ಹಿಡಿಯುತ್ತೆ.” ಒಂಬತ್ತನೆಯ ವಾರ ಮಂಜುಗಡ್ಡೆ ತಂದವಳು ಬಣ್ಣ ಹಚ್ಚುವ ಹೆಂಗಸು. ಹತ್ತನೆಯ ವಾರ ಯಾರೂ ತರಲಿಲ್ಲ.

ಅಷ್ಟರಲ್ಲಿ ಪ್ರೇಕ್ಷಕರು ಬೇರೆಯವರಾಗಿದ್ದರು. ಅಂಗೈ ಚಿತ್ರದ ಅಂಗಿ ತೊಟ್ಟು ಬರುತ್ತಿದ್ದರು. ಬೀಗದವನ ಹೆಂಡತಿಯ ಮಾತು ಉದ್ದವಾದರೆ ಕಾಲು ಬಡಿಯುತ್ತಿದ್ದರು. ಕೊನೆಯ ಹತ್ತು ನಿಮಿಷ ಬಂತೆಂದರೆ ಹಿಂದಿನ ಸಾಲಿನಿಂದ ಶುರುವಾಗುತ್ತಿತ್ತು: “ಬೀಳ್ಲಿ, ಬೀಳ್ಲಿ, ಬೀಳ್ಲಿ.” ಕೆನ್ನೆಗೆ ಕೈ ಬಿದ್ದೊಡನೆ ಇನ್ನೂರು ಗಂಟಲುಗಳೂ ಒಮ್ಮೆಲೇ ಬಿಚ್ಚಿಕೊಳ್ಳುತ್ತಿದ್ದವು. ಅವಳು ಒಂದೊಂದು ಮಾತನ್ನೂ ಹತ್ತು ಸಲ ತಿದ್ದಿ ಬರೆದು ತರುತ್ತಿದ್ದಳು. ಹನ್ನೆರಡನೇ ಕಂತು ಅವಳು ಅದುವರೆಗೆ ಬರೆದದ್ದರಲ್ಲೇ ಒಳ್ಳೆಯದಿತ್ತು. ಅದರಲ್ಲಿ ನಗು ಬಂದದ್ದು ಒಂದೇ ಕಡೆ, ಎಲ್ಲರಿಗೂ ಗೊತ್ತಿದ್ದ ಆ ಒಂದೇ ಕಡೆ.

ಒಂದು ಬೆಳಿಗ್ಗೆ ಮಾವನ ಜೊತೆ ಸ್ಟುಡಿಯೋಗೆ ಬರುವಾಗ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದರು. ಪಕ್ಕದ ಕಾರಿನಿಂದ ಟೈ ಕಟ್ಟಿದ ಒಬ್ಬ ಗೃಹಸ್ಥ ಇಳಿದು ಬಂದು, ಹೆಂಡತಿಯ ಕೈಗೆ ಫೋನು ಕೊಟ್ಟು, ಕಿಟಕಿಯ ಹತ್ತಿರ ಕೆನ್ನೆ ಒಡ್ಡಿದ.

“ಒಂದು ಹಾಕಿ ಮಾವ, ಆಫೀಸಲ್ಲಿ ತೋರಿಸ್ಬೇಕು.”

ಮಾವ ಕಾರಿನಿಂದ ಇಳಿದ. ತಮಾಷೆಗೆ ತಟ್ಟುತ್ತಾನೆಂದು ಅವಳು ಅಂದುಕೊಂಡಳು. ಅವನು ಪಾದ ಊರಿಕೊಂಡು, ಸೊಂಟ ತಿರುಗಿಸಿ ಹೊಡೆದ. ಮನುಷ್ಯ ಪಂಪಿಗೆ ಒರಗಿ ಬಿದ್ದ. ತುಟಿ ಒಡೆದು ಅಂಗಿಯ ಮೇಲೆಲ್ಲ ರಕ್ತ. ಅವನು ಎದ್ದು ನಿಂತು, ರಕ್ತ ಮೆತ್ತಿದ ಹಲ್ಲು ಬಿಟ್ಟು ನಗುತ್ತ ಹೆಂಡತಿಯನ್ನು ಕೇಳಿದ, “ಬಂತಾ?”

ಕಾರು ಮತ್ತೆ ರಸ್ತೆಗಿಳಿಯಿತು. ಮಾವ ಅಂದ, “ಇಪ್ಪತ್ತಾರು ವರ್ಷ ಬಸ್ಸು ಓಡಿಸ್ದೆ ಪುಟ್ಟಿ. ಇಳಿಯೋವಾಗ ಒಬ್ಬನೂ ನನ್ನ ಮುಖ ನೋಡ್ಲಿಲ್ಲ.”

ಹದಿನೈದನೇ ಕಂತಿನ ಮಾರನೆಯ ದಿನ ಕಡ್ಡಿ ಅವಳ ಮನೆಗೆ ಬಂದ. ಅವಳು ಕಾಫಿ ಸೋಸುತ್ತ ಏನೋ ಕೇಳಿದಳು. ಅವನು ಉತ್ತರ ಕೊಡಲಿಲ್ಲ. ತಿರುಗಿ ನೋಡಿದರೆ ಕುರ್ಚಿಯನ್ನು ಗೋಡೆಯ ಕಡೆಗೆ ಎಳೆದುಕೊಳ್ಳುತ್ತಿದ್ದ.

“ಈ ಕಡೆ ಬಂದು ಮಾತಾಡಿ ಅಕ್ಕ. ಎಡಗಿವಿ ಕೇಳಲ್ಲ. ತೂತು ಬಿದ್ದಿದೆಯಂತೆ. ಇನ್ನೊಂದು ಬಿದ್ರೆ ಕಿವಿ ಪೂರ್ತಿ ಹೋಗುತ್ತೆ ಅಂದ್ರು ಡಾಕ್ಟ್ರು.” ನಗಲು ನೋಡಿದ. “ಕಥೇಲಿ ನನ್ನನ್ನ ಎರಡು ವಾರ ಎಲ್ಲಾದ್ರೂ ಕಳಿಸಿಬಿಡಿ. ಕೆಲಸ ಬಿಡೋಕಾಗಲ್ಲ. ಕಿವೀನೂ ಬಿಡೋಕಾಗಲ್ಲ.”

ಅವಳು ನೇರ ಕತ್ತರಿಯ ಕೋಣೆಗೆ ಹೋದಳು. ಅವನು ಎಲ್ಲ ಕೇಳಿಸಿಕೊಂಡ. ಮೂಗು ವಾಸಿಯಾಗಿತ್ತು, ಸ್ವಲ್ಪ ಎಡಕ್ಕೆ ವಾಲಿ.

“ಪಾಪ, ರೆಸ್ಟ್ ಕೊಡಿ. ಅಳಿಯ ಇಲ್ದೆ ಹೋದ್ರೆ ಹೆಂಡ್ತಿ ಇದ್ದಾಳಲ್ಲ. ಒಂದೆರಡು ವಾರ ಅವಳಿಗೆ ಬೀಳ್ಲಿ.”

ಅವಳ ಕಿವಿಯಲ್ಲಿ ಬೆಲ್ಟಿನ ಸದ್ದು ಸುಳಿಯಿತು. “ಕಾರ್ಯಕ್ರಮ ನಿಲ್ಲಿಸಿಬಿಡಿ ಸಾರ್,” ಅಂದಳು.

“ಈಗ ನಿಲ್ಲಿಸೋದಾ? ಈಗ ತಾನೆ ಕಾಲೂರಿದೆ. ಸ್ವಲ್ಪ ತಾಳ್ಮೆ ಇರಲಿ.”

ಹದಿನಾರನೇ ಕಂತನ್ನು ಅವಳು ಏಟಿಲ್ಲದೆ ಬರೆದಳು. ಕತ್ತರಿಗೆ ತಿಳಿಸಲಿಲ್ಲ. ಕಡ್ಡಿಗೆ ಮೂಲೆಯ ಕೆಲಸದ ಮೇಜಿನ ಮುಂದೆ ಕೂತು ಬೀಗ ಬಿಚ್ಚುವುದಷ್ಟೇ ಕೆಲಸ. ಎದ್ದು ನಿಲ್ಲುವಂತೆಯೂ ಇರಲಿಲ್ಲ. ಬರೆದ ಹಾಳೆಗಳನ್ನು ಮಾವನ ಮನೆಗೆ ಒಯ್ದು ಕೊಟ್ಟಳು.

“ಈ ವಾರ ಏಟಿಲ್ಲ ಮಾವ.”

“ಇಲ್ಲ ಅಂದ್ರೆ?”

“ಅವನ ಕಿವಿ ತೂತಾಗಿದೆ.”

ಮಾವ ಹಾಳೆ ತಿರುವುತ್ತಿದ್ದವನು ನಿಲ್ಲಿಸಿದ. “ನನ್ನಿಂದ?”

“ನನ್ನಿಂದಾನೂ.”

ಅವನು ತನ್ನ ಬಲಗೈಯನ್ನು ಮಗುಚಿ ನೋಡಿಕೊಂಡ. “ಸರಿ ಬಿಡು, ಬೇಡ,” ಅಂದ. ಆ ಹೊತ್ತಿಗೆ ಅವನು ಮನಸಾರೆ ಹೇಳಿದ್ದನೆಂದೇ ಅವಳು ಕೊನೆಯವರೆಗೂ ನಂಬಿದ್ದಳು.

ಗುರುವಾರ ಮೊದಲ ಹದಿನೈದು ನಿಮಿಷ ಜನ ಸುಮ್ಮನೆ ಕೂತಿದ್ದರು. ಮಾವ ಚೆನ್ನಾಗಿ ಮಾಡುತ್ತಿದ್ದ, ಹಳೆಯ ಮಾವನ ಹಾಗೆ, ಮಾತನ್ನು ಬಾಯಲ್ಲಿಟ್ಟು ಕರಗಿಸಿ ಬಿಡುತ್ತ. ಅಲ್ಲೊಂದು ಇಲ್ಲೊಂದು ನಗು ಎದ್ದಿತು. ಹಿಂದಿನ ಸಾಲಿನಲ್ಲಿ ಅವಳು ಉಗುರು ಕಚ್ಚುತ್ತ ಕೂತಿದ್ದಳು, ನಡೆಯುತ್ತದೆ, ನಡೆಯುತ್ತದೆ ಎಂದುಕೊಳ್ಳುತ್ತ. ಆಮೇಲೆ ಅವಳ ಪಕ್ಕದವನೇ ಶುರುಮಾಡಿದ. “ಬೀಳ್ಲಿ.” ಎದುರು ಸಾಲು ಹಿಡಿದುಕೊಂಡಿತು. ಐದು ನಿಮಿಷದಲ್ಲಿ ಬೆಂಚುಗಳು ಅದುರುವಂತೆ ಕೂಗತೊಡಗಿದರು. ಹೆಂಡತಿಯ ಪಾತ್ರದವಳು ಮಾತು ಮುಂದುವರಿಸಿದಳು. ಯಾರೋ ಎಸೆದ ನೀರಿನ ಬಾಟಲಿ ಅವಳ ಹಣೆಗೆ ಬಡಿಯಿತು. ಅವಳು ಹಣೆ ಹಿಡಿದುಕೊಂಡು ಕುಸಿದಾಗ ಒಂದು ಚಪ್ಪಾಳೆ ಬಿತ್ತು.

ಮಾವ ಕತ್ತೆತ್ತಿ ಜನರನ್ನು ನೋಡಿದ. ಅವನ ಮುಖದಲ್ಲಿ ಏನೋ ಬದಲಾದದ್ದು ಅಷ್ಟು ದೂರದಿಂದಲೂ ಅವಳಿಗೆ ಕಂಡಿತು. ಅವನು ಮೆಲ್ಲಗೆ ಮೂಲೆಯ ಕಡೆಗೆ ನಡೆದ. ಹೋದದ್ದು ಕಡ್ಡಿಯ ಎಡಗಡೆಯಿಂದ, ಕೇಳಿಸದ ಕಡೆಯಿಂದ.

ಏಟಿಗೆ ಕಡ್ಡಿ ಸ್ಟೂಲಿನ ಸಮೇತ ನೆಲಕ್ಕೆ ಉರುಳಿದ. ಸಭಾಂಗಣ ಎದ್ದು ನಿಂತಿತು. ಅವನು ಮೇಜಿನ ಕಾಲು ಹಿಡಿದು ಎದ್ದ. ಕಿವಿಯಲ್ಲಿ ತುರುಕಿದ್ದ ಹತ್ತಿ ಕೆಂಪಾಗಿ, ರಕ್ತ ಕತ್ತಿಗೆ ಇಳಿಯುತ್ತಿತ್ತು. ಮಾವ ಎಡಗೈಯನ್ನು ಮೇಜಿಗೆ ಬಿಗಿದಿದ್ದ ಕಬ್ಬಿಣದ ಇಕ್ಕಳಕ್ಕೆ ಊರಿ, ಬಲಗೈಯನ್ನು ಮತ್ತೊಮ್ಮೆ ಎತ್ತಿದ. ಅವನು ನಗುತ್ತಿದ್ದ.

ಆ ಕೆಲಸದ ಮೇಜನ್ನು ಒಂದು ನಿಜವಾದ ಬೀಗದ ಅಂಗಡಿಯಿಂದ ಸಾಮಾನು ಸಮೇತ ಕೊಂಡು ತಂದಿದ್ದರು. ಕಡ್ಡಿಯ ಕೈಗೆ ಸಿಕ್ಕ ಸುತ್ತಿಗೆಯೂ ನಿಜವಾದದ್ದೇ. ಅವನು ಅದನ್ನು ಇಕ್ಕಳದ ಮೇಲಿದ್ದ ಮಾವನ ಎಡಗೈಗೆ ಇಳಿಸಿದ. ಮಾವನ ಎತ್ತಿದ ಬಲಗೈ ಕೆಳಗಿಳಿಯಿತು, ಜನ ಗೊಳ್ಳೆಂದರು. ಎರಡನೇ ಸಲ ಇಳಿಸಿದ. ಬೆರಳಿನ ಗೆಣ್ಣು ಪುಡಿಯಾದದ್ದು ಸ್ಪೀಕರುಗಳಲ್ಲಿ ಕೇಳಿಸಿತು. ಮೂರನೇ ಸಲವೂ ಇಳಿಸಿದ.

ಜನ ನಕ್ಕರು. ಒಬ್ಬರ ಮೇಲೊಬ್ಬರು ಬಿದ್ದು, ಕಣ್ಣೀರು ಒರೆಸಿಕೊಳ್ಳುತ್ತ ನಕ್ಕರು. ಅವಳು ಮೆಟ್ಟಿಲುಗಳನ್ನು ಹಾರಿ ಇಳಿದು ವೇದಿಕೆಗೆ ಓಡಿದಳು. ಮೇಜಿನ ಬಟ್ಟೆ ಕಿತ್ತು ಮಾವನ ಕೈಗೆ ಸುತ್ತಿದಳು. ಬಟ್ಟೆ ಹಿಡಿಯುವಷ್ಟರಲ್ಲಿ ತೊಯ್ದು ಹೋಯಿತು. “ನಗಬೇಡಿ, ಇದು ನಿಜ, ನಗಬೇಡಿ,” ಎಂದು ಕೂಗಿದಳು. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: “ಇವಳು ಹೊಸಬಳು. ಎಷ್ಟು ಚೆನ್ನಾಗಿ ಮಾಡ್ತಾಳೆ ನೋಡು.” ಕಡ್ಡಿ ಸುತ್ತಿಗೆ ಕೆಳಗೆ ಹಾಕಿ, ವೇದಿಕೆಯ ಅಂಚಿಗೆ ಬಂದು, ಮುಂದಿನ ಸಾಲಿನವರ ಕಾಲ ಮೇಲೆ ವಾಂತಿ ಮಾಡಿದ ಮೇಲೆಯೇ ನಗು ಅಲ್ಲಲ್ಲಿ ಹರಿದು ನಿಂತದ್ದು. ನಿರ್ದೇಶಕನ ಬಾಯಿಂದ ಓಕೆ ಕೂಡ ಹೊರಡಲಿಲ್ಲ.

ಆಸ್ಪತ್ರೆಯಲ್ಲಿ ಮಾವನ ಎರಡು ಬೆರಳು ತೆಗೆದರು. ಕಡ್ಡಿಯ ಕಿವಿಗೆ ಪಟ್ಟಿ ಕಟ್ಟಿ ಮುಗಿಸುವಷ್ಟರಲ್ಲಿ ಪೊಲೀಸರು ಬಂದು ಕರೆದೊಯ್ದರು. ಚಾನೆಲ್ ಒಂದು ಹೇಳಿಕೆ ಕೊಟ್ಟಿತು: ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನು ನಟ ಮಾಡಿದ್ದರೆ ಅದು ಅವನ ಸ್ವಂತ ಅಪರಾಧ. ತನಿಖೆ ನೋಡುತ್ತಿದ್ದ ಇನ್ಸ್‌ಪೆಕ್ಟರು ನಿವೃತ್ತಿಗೆ ಹತ್ತಿರವಾದ ಹೆಂಗಸು. ಮರುದಿನ ಮಧ್ಯಾಹ್ನದೊಳಗೆ ಸ್ಕ್ರಿಪ್ಟು ತಂದುಕೊಡಬೇಕೆಂದು ಬರಹಗಾರ್ತಿಗೆ ಹೇಳಿಕಳಿಸಿದರು.

ಬೆಳಿಗ್ಗೆ ಅವಳು ಆಸ್ಪತ್ರೆಗೆ ಹೋದಾಗ ಮಾವ ಕಿಟಕಿಯ ಕಡೆಗೆ ಮುಖ ಮಾಡಿ ಮಲಗಿದ್ದ. ಎಡಗೈ ದಿಂಬಿನಷ್ಟು ದಪ್ಪ ಕಾಣುತ್ತಿತ್ತು.

“ಬೇಡ ಅಂದಿದ್ಯಲ್ಲ ಮಾವ.”

“ಹೂಂ. ಅಂದಿದ್ದೆ.” ಕಿಟಕಿಯ ಕಡೆಗೇ ನೋಡುತ್ತ ಅಂದ. “ನಿಮ್ಮಪ್ಪನಿಗೆ ಅದರಲ್ಲಿ ಏನು ಸಿಗ್ತಿತ್ತು ಅಂತ ಆಗೆಲ್ಲ ಯೋಚನೆ ಮಾಡ್ತಿದ್ದೆ. ಈಗ ಗೊತ್ತಾಯ್ತು. ಚೆನ್ನಾಗಿರುತ್ತೆ ಪುಟ್ಟಿ. ಕೈ ಎತ್ತಿದಾಗ ಮೈಯೆಲ್ಲ ಚೆನ್ನಾಗಿರುತ್ತೆ.”

ಅವಳು ಮಂಚದ ಅಂಚಿನಲ್ಲಿ ಕೂತು ಅವನಿಗೆ ನೀರು ಕುಡಿಸಿದಳು. ಕುಡಿಸುವಾಗ ಅವಳ ಕೈ ಅವನಿಂದ ಸ್ವಲ್ಪ ದೂರವೇ ಇತ್ತು.

“ಅವನನ್ನ ಬಿಡಿಸು,” ಅಂದ ಮಾವ. “ಕೇಳಿದ್ರೆ ನೀನು ಹೇಳಿದ್ದನ್ನೇ ನಾನೂ ಹೇಳ್ತೀನಿ.”

ಅವಳು ಮನೆಗೆ ಬಂದು ಹದಿನಾರನೇ ಕಂತನ್ನು ತೆರೆದಳು. ಇಪ್ಪತ್ತೆಂಟನೇ ಪುಟದಲ್ಲಿ, ಬೀಗದವನೂ ಅಳಿಯನೂ ಒಂದೇ ಲೋಟದಲ್ಲಿ ಚಹ ಹಂಚಿಕೊಳ್ಳುವ ಕಡೆ, ಮೂರು ಸಾಲು ಸೇರಿಸಿದಳು. ಮಾವ ಅಳಿಯನ ಕೆನ್ನೆಗೆ ಹೊಡೆಯುತ್ತಾನೆ. ಅಳಿಯ ಸುತ್ತಿಗೆ ಎತ್ತಿ ಮಾವನ ಕೈಗೆ ಮೂರು ಸಲ ಹೊಡೆಯುತ್ತಾನೆ. ರಬ್ಬರಿನ ಸುತ್ತಿಗೆಯನ್ನು ಬರಹಗಾರ್ತಿಯೇ ತಂದಿಡುವುದು. ಟೈಪು ಮಾಡಿ, ಮುದ್ರಿಸಿ, ಪಿನ್ನು ಹೊಡೆದು ತೆಗೆದುಕೊಂಡು ಹೋದಳು.

ಇನ್ಸ್‌ಪೆಕ್ಟರು ಕನ್ನಡಕ ಏರಿಸಿಕೊಂಡು ಮೊದಲ ಪುಟದಿಂದ ಓದತೊಡಗಿದರು. ಅವಳು ಎದುರಿನ ಬೆಂಚಿನಲ್ಲಿ ಕೂತಳು. ಗೋಡೆಯ ಆಚೆ ಯಾರನ್ನೋ ಬಾರಿಸುತ್ತಿದ್ದರು. ಏಟು, ಒಂದು ಮುಲುಕು, ಮತ್ತೆ ಏಟು. ಹತ್ತೊಂಬತ್ತನೇ ಪುಟದ ಹತ್ತಿರ ಇನ್ಸ್‌ಪೆಕ್ಟರ ಭುಜ ಅಲ್ಲಾಡಿತು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವರು ಬಾಯಿಗೆ ಕೈ ಅಡ್ಡ ಹಿಡಿದರು. ಮನೆಗೆ ಕಳ್ಳ ನುಗ್ಗುವ ಪ್ರಸಂಗ ಅದು. ಎಲ್ಲ ಬಾಗಿಲೂ ತೆರೆದಿರುವುದನ್ನು ಕಂಡ ಕಳ್ಳ, ತನಗಿಂತ ಮುಂಚೆ ಯಾರೋ ಬಂದು ದೋಚಿಕೊಂಡು ಹೋಗಿದ್ದಾರೆಂದು ಮರುಗಿ, ಹೋಗುವಾಗ ಬಾಗಿಲೆಳೆದು ಬೀಗ ಹಾಕಿಕೊಂಡು ಹೋಗುತ್ತಾನೆ. ಬೀಗದವನು ತನ್ನ ಮನೆಗೇ ಕೀಲಿಯಿಲ್ಲದೆ ಬೀದಿಯಲ್ಲಿ ನಿಲ್ಲುತ್ತಾನೆ. ಚಿತ್ರೀಕರಣದ ದಿನ ಆ ಪ್ರಸಂಗ ಬರುವ ಹೊತ್ತಿಗೆ ಕೂಗಿನಲ್ಲಿ ಒಂದು ಮಾತೂ ಕೇಳಿಸಿರಲಿಲ್ಲ.

“‘ಮದುವೆಯಾಗಿ ಮೂವತ್ತು ವರ್ಷಕ್ಕೆ ಈ ಮನೆ ಬಾಗಿಲು ಹಾಕಿದ ಮೊದಲನೇ ಗಂಡಸು ಅವನೇ,’” ಎಂದು ಇನ್ಸ್‌ಪೆಕ್ಟರು ಹೆಂಡತಿಯ ಮಾತನ್ನು ಗಟ್ಟಿಯಾಗಿ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಇದಕ್ಕೆ ಹಿಂದಿನವು ಇವೆಯಾ? ಈ ಹೆಂಗಸು ಮೊದಲಿಂದ್ಲೂ ಹೀಗೇನಾ?”

“ಮೊದಲಿಂದ್ಲೂ ಹೀಗೇ.”

ಇಪ್ಪತ್ತೆಂಟನೇ ಪುಟಕ್ಕೆ ಬಂದಾಗ ಅವರ ಬೆರಳು ಆ ಮೂರು ಸಾಲಿನ ಮೇಲೆ ನಿಂತಿತು. ಎರಡು ಸಲ ಓದಿದರು.

“ಇದೂ ನೀವೇ ಬರೆದದ್ದಾ?”

“ಹೌದು.”

“ಉಳಿದದ್ದರ ಹಾಗಿಲ್ಲ. ಕೆಟ್ಟದಾಗಿದೆ.”

“ಹೌದು. ಕೆಟ್ಟದಾಗಿ ಬರೆದೆ.”

“ರಬ್ಬರಿನ ಸುತ್ತಿಗೆ ಏನಾಯ್ತು?”

“ತಂದಿಡೋದು ಮರೆತೆ. ಅಲ್ಲಿ ನಿಜವಾದದ್ದು ಇತ್ತು. ತಪ್ಪು ನನ್ನದು.”

ಇನ್ಸ್‌ಪೆಕ್ಟರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಚೆ ಗೋಡೆಯ ಸದ್ದು ನಿಂತಿತ್ತು. ಆಮೇಲೆ ಮುದ್ರೆ ತೆಗೆದು ಸ್ಕ್ರಿಪ್ಟಿನ ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಒತ್ತಿ, ಅವಳ ಹೇಳಿಕೆಗೆ ಸಹಿ ಹಾಕಿಸಿಕೊಂಡರು.

ಮುಂದೆ ನ್ಯಾಯಾಲಯ ಅವಳಿಗೆ ಅಜಾಗರೂಕತೆಗಾಗಿ ಛೀಮಾರಿ ಹಾಕಿತು. ನಟರ ಕೈಗೆ ನಿಜವಾದ ಸುತ್ತಿಗೆ ಕೊಡುವ ಬರಹಗಾರ್ತಿಯೆಂದು ಯಾವ ಚಾನೆಲ್ಲೂ ಅವಳನ್ನು ಒಳಗೆ ಸೇರಿಸಲಿಲ್ಲ. ಅವಳು ಒಂದು ಶಾಲೆಯಲ್ಲಿ ವ್ಯಾಕರಣ ಹೇಳಿಕೊಡುವ ಕೆಲಸಕ್ಕೆ ಸೇರಿದಳು. ‘ಬೀಗದಂಗಡಿ’ ನಿಲ್ಲಲಿಲ್ಲ. ಹೊಸ ಮಾವ, ಹೊಸ ಅಳಿಯ ಬಂದರು. ಕತ್ತರಿ ಅದನ್ನು ಎರಡು ವರ್ಷ ಓಡಿಸಿದ. ಮಾವ ಕೈ ವಾಸಿಯಾದ ಮೇಲೂ ನಾಟಕದ ಕಡೆಗೆ ಹೋಗಲಿಲ್ಲ. ಅವಳು ವಾರಕ್ಕೊಮ್ಮೆ ಹೋಗಿ ಅವನ ಬಟ್ಟೆ ಒಗೆದು ಬರುತ್ತಿದ್ದಳು. ಮಾತು ಕಡಿಮೆಯಾಗಿತ್ತು, ನಿಂತಿರಲಿಲ್ಲ.

ಸಹಿ ಹಾಕಿದ ಆ ಮಧ್ಯಾಹ್ನ ಮೂರು ಗಂಟೆಗೆ ಕಡ್ಡಿಯನ್ನು ಬಿಟ್ಟರು. ಅವನು ಠಾಣೆಯ ಮೆಟ್ಟಿಲಿಳಿದು ಬಂದು, ಅವಳು ತನ್ನ ಬಲಗಡೆ ಬರುವಂತೆ ಸುತ್ತಿ ನಿಂತ. ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು.

“ಮಾವನ ಕೈ?”

“ಎರಡು ಬೆರಳು ಹೋಯ್ತು.”

ಅವನು ಕಿವಿಯ ಪಟ್ಟಿಯನ್ನು ಒತ್ತಿ ಹಿಡಿದುಕೊಂಡ.

“ಒಂದು ಸಲ ಹೊಡೆದಿದ್ರೆ ಸಾಕಾಗಿತ್ತು ಅಕ್ಕ. ಅಲ್ಲಿಗೇ ಅವರ ಕೈ ಇಳಿದಿತ್ತು. ನಾನು ನೋಡ್ದೆ.”

“ಮತ್ತೆ?”

“ಜನ ನಕ್ಕರು. ಒಂದು ಕಿವೀಲೇ ಕೇಳಿಸ್ತು, ಆದ್ರೂ ಎಷ್ಟು ಜೋರಾಗಿತ್ತು ಅಂದ್ರೆ… ಆಮೇಲಿನ ಎರಡು ನಾನು ಆ ಜನರಿಗೋಸ್ಕರ ಹೊಡೆದೆ.”

ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಬಸ್ಸು ಬಂತು. ಅವನು ಹತ್ತಿ, ಕಿಟಕಿಯ ಪಕ್ಕ ಜಾಗವಿದ್ದರೂ ಬಿಟ್ಟು, ಚಾಲಕನ ಹಿಂದಿನ ಸೀಟಿನಲ್ಲಿ ಪಟ್ಟಿ ಕಟ್ಟಿದ ಕಿವಿಯನ್ನು ಕಂಬಿಗೆ ಒರಗಿಸಿ ಕೂತ.